ಮತ್ತೆ ಬೇಕಿಲ್ಲದವರು

ಟಾರ್ನ್ ವೆಂಚರ್ ರಿಗ್, ಉತ್ತರ ಸಮುದ್ರ
9 ಫೆಬ್ರವರಿ 1993

ನೆಟ್ಟಾ ಅಕ್ಕ,

ಬದುಕಿದ್ದೀನಿ. ಮೊದಲು ಅದನ್ನೇ ಬರೆದುಬಿಡ್ತೀನಿ, ಇಲ್ಲದಿದ್ರೆ ನೀನು ಉಳಿದಿದ್ದು ಓದದೆ ಕೊನೆ ಸಾಲಿಗೆ ಹಾರ್ತೀಯ. ಮೂರು ದಿನದಿಂದ ಗಾಳಿ. ಕ್ರೇನ್ ನಿಂತಿದೆ. ಅದನ್ನ ನಡೆಸೋ ಡಾಡ್ ಚಿಕ್ಕಪ್ಪ ಕೆಲಸ ಇಲ್ಲದೆ ಅಡುಗೆಯವನ ಪ್ರಾಣ ತೆಗೀತಿದ್ದಾರೆ. "ಇದಕ್ಕೆ ಬಟರಿ ರೊಟ್ಟಿ ಅಂತೀಯೇನಯ್ಯಾ? ನಮ್ಮ ಗ್ಯಾಮ್ರಿಯಲ್ಲಿ ಇಂಥದ್ದನ್ನ ಬಾಗಿಲು ಬಡ್ಕೊಳ್ದೇ ಇರ್ಲಿ ಅಂತ ಸಂದಿಗೆ ಇಡ್ತೀವಿ" ಅಂದ್ರು. ಅವತ್ತಿಂದ ಅವರ ತಟ್ಟೆಗೆ ಬರೋ ಆಲೂಗಡ್ಡೆ ಅರ್ಧ ಬೆಂದಿರುತ್ತೆ.

ಫೋನ್ ಮಾಡೋಣ ಅಂದ್ರೆ ಇಲ್ಲಿರೋದು ಒಂದೇ, ರೇಡಿಯೋ ರೂಮಿನಲ್ಲಿ. ಹಿಂದೆ ಹತ್ತು ಜನ ಸಾಲು ನಿಂತು ಕಿವಿ ಅಗಲಿಸಿಕೊಂಡಿರ್ತಾರೆ. ಊರಿನ ಫೋನೋ, ಅಮ್ಮನ ಕುರ್ಚಿ ಪಕ್ಕ. ಅದಕ್ಕೇ ಕಾಗದ.

ವಿಷಯ ಇದು. ನನಗೊಂದು ಕೆಲಸ ಬಂದಿದೆ. ಈಗಾಗಲೇ ಎಣ್ಣೆ ತೆಗೀತಿರೋ ಪ್ಲಾಟ್‌ಫಾರ್ಮಿನಲ್ಲಿ, ಕಾಯಂ. ಇಪ್ಪತ್ತು ವರ್ಷಕ್ಕಾಗುವಷ್ಟು ಎಣ್ಣೆ ಇದೆಯಂತೆ. ಆದರೆ ಸಂಬಳ ಕಮ್ಮಿ, ಕೆಲಸ ಬಣ್ಣ ಬಳಿಯೋದು, ತುಕ್ಕು ಕೆರೆಯೋದು. ನಮ್ಮದು ಹುಡುಕೋ ರಿಗ್. ಇಲ್ಲೊಂದು ತೂತು ಕೊರೆದು, ಎಣ್ಣೆ ಇದೆಯಾ ನೋಡಿ, ಮುಂದಕ್ಕೆ ಹೋಗೋದು. ಇಲ್ಲೇ ಇದ್ರೆ ಇನ್ನೆರಡು ವರ್ಷದಲ್ಲಿ ಕ್ರೇನ್ ಸೀಟು ನನ್ನದು. ನನ್ನ ಹತ್ರ ಕ್ರೇನಿನ ಲೈಸೆನ್ಸ್ ಇದೆ, ಚಿಕ್ಕಪ್ಪನೇ ಕಲಿಸಿದ್ದು. ಜುಲೈಗೆ ಮಗು ಬರುತ್ತೆ. ಲೋರ್ನಾ "ನಿನ್ನಿಷ್ಟ" ಅಂತಾಳೆ. ಅದರ ಅರ್ಥ ಏನು ಅಂತ ಮದುವೆಯಾದ ಯಾರನ್ನಾದ್ರೂ ಕೇಳು.

ನೀನು ಸರ್ಕಾರದ ದೊಡ್ಡ ಕಚೇರಿಯಲ್ಲಿ ಎಣ್ಣೆ ತೆರಿಗೆಯವರ ಮಧ್ಯೆ ಕೂತಿದ್ದೀಯ. ನೀನೇ ಹೇಳು. ಯಾವುದು?

ನಿನ್ನ ತಮ್ಮ,
ಆರ್ಚಿ


ಲಂಡನ್
14 ಫೆಬ್ರವರಿ 1993, ಭಾನುವಾರ

ಪ್ರೀತಿಯ ಆರ್ಚಿ,

ಪ್ಲಾಟ್‌ಫಾರ್ಮಿನ ಕೆಲಸ ತೆಗೆದುಕೊ. ಈ ತಿಂಗಳೊಳಗೇ ಸಹಿ ಹಾಕು.

ಯಾಕೆ ಎಂದು ಕೇಳಬೇಡ. ನೀನು ಕೇಳಿದ್ದಕ್ಕೆ ಹೇಳುತ್ತಿದ್ದೇನೆ, ಅಷ್ಟೆ. ಸಂಬಳ ಕಡಿಮೆಯಾದರೆ ಆಗಲಿ. ತುಕ್ಕು ಕೆರೆದರೆ ಯಾರೂ ಸಾಯುವುದಿಲ್ಲ. ಈ ಪತ್ರವನ್ನು ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದನ್ನು ಅಮ್ಮನಿಗಾಗಲಿ ಡಾಡ್ ಚಿಕ್ಕಪ್ಪನಿಗಾಗಲಿ ತೋರಿಸಬೇಡ. ಲೋರ್ನಾಗೂ ಬೇಡ. ಓದಿ ಒಲೆಗೆ ಹಾಕು.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಬಹಳ. ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಕಚೇರಿಯಲ್ಲಿ ಹೀಗೇ, ಊಟಕ್ಕೆ ಕೂತಾಗಲೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

ದಯವಿಟ್ಟು, ಆರ್ಚಿ.

ನೆಟ್ಟಾ


ಗ್ಯಾಮ್ರಿ
26 ಫೆಬ್ರವರಿ 1993

ಅಕ್ಕಾ,

ನಿನ್ನ ಕಾಗದ ಓದಿ ಲೋರ್ನಾ ಹೊಟ್ಟೆ ಹಿಡ್ಕೊಂಡು ನಕ್ಕಳು. ತೋರಿಸಬೇಡ ಅಂದಿದ್ದೆ, ತೋರಿಸಿದೆ, ಬೈಕೋ. ಗೂಢಚಾರರ ಥರ ಬರೀತೀಯಲ್ಲೇ! "ಓದಿ ಒಲೆಗೆ ಹಾಕು" ಅಂತೆ.

ನನಗೆ ಗೊತ್ತಾಯ್ತು, ಇದು ಅಮ್ಮನ ಕೆಲಸ. ನಾನು ಹೆಲಿಕಾಪ್ಟರ್ ಹತ್ತೋ ದಿನ ಅವಳು ಊಟ ಬಿಡ್ತಾಳೆ. ಎಂಬತ್ತೆಂಟರಲ್ಲಿ ಇಂಥದ್ದೇ ಒಂದು ರಿಗ್ಗಿಗೆ ಬೆಂಕಿ ಬಿದ್ದಮೇಲೆ ಹುಡುಕೋ ರಿಗ್ ಅಂದ್ರೆ ಅವಳಿಗೆ ಯಮನ ಅಂಗಳ. "ನೀನು ಹೇಳಿದ್ರೆ ಕೇಳ್ತಾನೆ, ನೀನೇ ಬರಿ" ಅಂತ ನಿನ್ನ ಬೆನ್ನು ಹತ್ತಿರಬೇಕು. ನೀನೂ ಹೂಂ ಅಂದಿದ್ದೀಯ. ಅಮ್ಮನನ್ನ ಕೇಳಿದ್ರೆ "ನಾನೆಲ್ಲಿ ಬರೆದೆ?" ಅಂದಳು. ಗ್ಯಾಮ್ರಿ ಹೆಂಗಸರು ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಾರೆ ನೋಡು, ಭಾನುವಾರ ಪ್ರಾರ್ಥನೆ ಮುಗಿಸ್ಕೊಂಡು ಬಂದು ಕೋಟು ಕೂಡ ಬಿಚ್ಚಿರಲಿಲ್ಲ.

ಪ್ಲಾಟ್‌ಫಾರ್ಮಿನವರಿಗೆ ಬೇಡ ಅಂದೆ. ಅದೇ ದಿನ ಆ ಕೆಲಸಕ್ಕೆ ಬ್ಯಾಂಫ್ ಊರಿನವನೊಬ್ಬ ಸೇರಿಕೊಂಡ. ನಾನು ರಿಗ್ ಜೊತೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದೆ. ಡಾಡ್ ಚಿಕ್ಕಪ್ಪ ಬೆನ್ನು ತಟ್ಟಿದ್ರು. "ನಿಮ್ಮಪ್ಪ ಇದ್ದಿದ್ರೆ ದೋಣಿ ಬಿಟ್ಟಿದ್ದಕ್ಕೆ ಬೈತಿದ್ದ, ಆಮೇಲೆ ನಿನ್ನ ಸಂಬಳ ಕೇಳಿ ಸುಮ್ಮನಾಗ್ತಿದ್ದ" ಅಂದ್ರು. ಅಪ್ಪನ ದೋಣಿಯಲ್ಲಿ ಹದಿನೆಂಟು ವರ್ಷ ದುಡಿದವರಲ್ವಾ, ಅವರ ಬಾಯಲ್ಲಿ ಕೇಳಿದ್ರೆ ಅಪ್ಪನೇ ಹೇಳಿದ ಹಾಗಿರುತ್ತೆ.

ಮಗುವಿಗೆ ಹೆಸರು ಯೋಚಿಸು. ನೆಟ್ಟಾ ಅಂತ ಮಾತ್ರ ಇಡಲ್ಲ.

ಆರ್ಚಿ


ಲಂಡನ್
17 ಮಾರ್ಚ್ 1993

ಆರ್ಚಿ,

ನಿನ್ನೆ ಬಜೆಟ್ ಓದಿದರು. ನೀನು ಈ ಹೊತ್ತಿಗೆ ಕೇಳಿರುತ್ತೀಯ. ಆದರೂ ನಾನೇ ಹೇಳಬೇಕು.

ಇಲ್ಲಿಯವರೆಗೆ ಎಣ್ಣೆ ಕಂಪನಿಗಳು ಹೊಸ ಬಾವಿ ಹುಡುಕಿದ ಖರ್ಚನ್ನು ಹಳೆಯ ಬಾವಿಯ ತೆರಿಗೆಯಿಂದ ಕಳೆಯಬಹುದಿತ್ತು. ಬಾವಿಯಲ್ಲಿ ಎಣ್ಣೆ ಸಿಗದಿದ್ದರೂ ಅರ್ಧಕ್ಕಿಂತ ಹೆಚ್ಚು ನಷ್ಟವನ್ನು ಖಜಾನೆಯೇ ಹೊರುತ್ತಿತ್ತು. ಆ ರಿಯಾಯಿತಿ ಹೋಯಿತು. ಎಣ್ಣೆ ಬರುತ್ತಿರುವ ಬಾವಿಗಳಿಗೆ ತೆರಿಗೆ ಇಳಿದಿದೆ. ಅಂದರೆ ಇರುವುದನ್ನು ತೆಗೆಯುವವನಿಗೆ ಲಾಭ, ಹುಡುಕುವವನಿಗೆ ಪೆಟ್ಟು. ಪ್ಲಾಟ್‌ಫಾರ್ಮಿನ ಆ ಕೆಲಸ ಉಳಿಯುತ್ತಿತ್ತು. ರಿಗ್ಗಿನದು ಉಳಿಯುವುದಿಲ್ಲ.

ನನಗೆ ಜನವರಿಯಿಂದ ಗೊತ್ತಿತ್ತು. ಅದರ ಕೋಷ್ಟಕ ಟೈಪ್ ಮಾಡಿದವಳೇ ನಾನು. ಬಜೆಟ್ಟಿನ ವಿಷಯ ಹೊರಗೆ ಒಂದು ಮಾತು ಆಡಿದರೂ ಕೆಲಸ ಹೋಗುತ್ತದೆ, ಕೋರ್ಟಿಗೂ ಹೋಗಬೇಕಾಗುತ್ತದೆ ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಆದ್ದರಿಂದ ಹೇಳಲಿಲ್ಲ. ನಿನಗೆ ಅರ್ಥವಾಗುತ್ತದೆ ಎಂದುಕೊಂಡು ಅಷ್ಟು ಮಾತ್ರ ಬರೆದೆ. ಅಷ್ಟು ಬರೆದದ್ದಕ್ಕೇ ಹತ್ತು ದಿನ ಬಾಗಿಲು ತಟ್ಟಿದ ಸದ್ದಾದರೆ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ.

ಅಮ್ಮ ಏನೂ ಬರೆದಿರಲಿಲ್ಲ. ಅವಳ ಮೇಲೆ ಸುಳ್ಳಿನ ಆಪಾದನೆ ಹೊರಿಸಿದೆಯಲ್ಲ, ಕ್ಷಮೆ ಕೇಳು.

ನನ್ನನ್ನೂ ಕ್ಷಮಿಸು.

ನೆಟ್ಟಾ


ಟಾರ್ನ್ ವೆಂಚರ್
3 ಏಪ್ರಿಲ್ 1993

ನೆಟ್ಟಾ,

ಬಜೆಟ್ ಆದಮೇಲೆ ನೀನು ಬರೆದ ಮೂರೂ ಕಾಗದ ಬಂದಿವೆ. ಮನೆಗೆ ಮಾಡಿದ ಫೋನೂ ಗೊತ್ತು. ನಾನು ಮನೆಯಲ್ಲೇ ಇದ್ದೆ, ಬೇಕಂತಲೇ ಫೋನಿಗೆ ಬರಲಿಲ್ಲ.

ನಮಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ಹದಿನಾರನೇ ತಾರೀಕು ರಿಗ್‌ನಿಂದ ಇಳಿದು ಊರಿಗೆ ಹೋಗೋ ವ್ಯಾನಿನ ರೇಡಿಯೋದಲ್ಲಿ. ಮುಂದಿನ ಸೀಟಿನವರು ಸಿಗರೇಟಿನ ಬೆಲೆ ಎಷ್ಟಾಯ್ತು ಅಂತ ಕೇಳ್ತಿದ್ರು. ಎಣ್ಣೆ ತೆರಿಗೆ ಇಳೀತು ಅಂದಾಗ ಒಬ್ಬ ಚಪ್ಪಾಳೆ ಕೂಡ ತಟ್ಟಿದ. ಪೂರ್ತಿ ಕೇಳಿದಮೇಲೆ ಡಾಡ್ ಚಿಕ್ಕಪ್ಪ "ನಿಲ್ಸಪ್ಪ ಅದನ್ನ" ಅಂದ್ರು.

ಮೂರು ಬಾವಿ ಕೊರೆಯೋ ಒಪ್ಪಂದ ಇತ್ತಲ್ಲ, ಎರಡು ರದ್ದಾಯ್ತು. ಜೊತೆಯ ಎರಡು ರಿಗ್ಗುಗಳನ್ನ ಕ್ರೊಮಾರ್ಟಿ ಕೊಲ್ಲಿಗೆ ಎಳ್ಕೊಂಡು ಹೋಗಿ ಲಂಗರು ಹಾಕಿದ್ದಾರೆ. ಒಂದೊಂದಕ್ಕೆ ಇಬ್ಬರು ಕಾವಲುಗಾರರು. ಉಳಿದವರು ಮನೆಗೆ. ನಾನು ಸಹಿ ಹಾಕಿದ ಎರಡು ವರ್ಷದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ "ಕೆಲಸ ಇದ್ದಷ್ಟು ದಿನ" ಅಂತಿದೆ.

ಒಂದು ಕೇಳ್ತೀನಿ. ನಿನ್ನ ಆ ಕೋಷ್ಟಕದಲ್ಲಿ ನಮಗೂ ಒಂದು ಕಾಲಂ ಇತ್ತಾ? ಎಷ್ಟು ಜನ ಅಂತ ಟೈಪ್ ಮಾಡಿದೆ?

ಆರ್ಚಿ


ಲಂಡನ್
7 ಏಪ್ರಿಲ್ 1993

ಇತ್ತು. ಅಲ್ಲಿ ಸಂಖ್ಯೆ ಇರಲಿಲ್ಲ. "ಅಂದಾಜಿಸುವುದು ಕಷ್ಟ" ಎಂದು ಕೊಟ್ಟಿದ್ದರು, ಹಾಗೇ ಟೈಪ್ ಮಾಡಿದೆ. ಬೈಯುವುದಿದ್ದರೆ ಬೈದು ಬರಿ, ಆದರೆ ಬರಿ.

ನೆಟ್ಟಾ


ಟಾರ್ನ್ ವೆಂಚರ್
10 ಏಪ್ರಿಲ್ 1993

ಅಕ್ಕ,

ಕೋಪ ಇನ್ನೂ ಇದೆ. ಅದನ್ನ ಆಮೇಲೆ ನೋಡ್ಕೊಳ್ಳೋಣ. ಇದನ್ನ ಹೇಳ್ಕೊಳ್ಳೋಕೆ ನೀನು ಬಿಟ್ರೆ ನನಗೆ ಯಾರೂ ಇಲ್ಲ.

ನನಗೆ ಹೆದರಿಕೆ ಆಗ್ತಿದೆ. ಬರೆಯೋಕೂ ನಾಚಿಕೆ, ಆದ್ರೂ ನಿಜ. ನಮ್ಮ ರಿಗ್ಗಿನಲ್ಲಿ ಎರಡು ಲೈಫ್‌ಬೋಟ್. ನನ್ನ ಹೆಸರಿರೋದು ಎರಡನೇದರಲ್ಲಿ, ನಮ್ಮ ಕಡೆಯ ನಲವತ್ತು ಜನರ ಜೊತೆ. ಪ್ರತಿ ವಾರ ಅದನ್ನ ಒಂದಡಿ ಇಳಿಸಿ ನಿಲ್ಲಿಸಿ ನೋಡ್ತೀವಿ. ಜನವರಿಯಿಂದ ಅದು ನಿಲ್ಲಿಸಿದ ಕಡೆ ನಿಲ್ತಿಲ್ಲ. ಬ್ರೇಕ್ ಜಾರ್ತಿದೆ. ಮೊದಲು ಒಂದು ಗೇಣು, ಹೋದ ತಿಂಗಳು ಒಂದು ಮೊಳ. ಈ ಗುರುವಾರ ಖಾಲಿ ಬೋಟೇ ಒಂದು ಮಾರು ಜಾರಿ ಗಕ್ಕನೆ ನಿಂತಿತು. ನಲವತ್ತು ಜನ ಒಳಗೆ ಕೂತ್ರೆ ನಿಲ್ಲುತ್ತಾ? ಕೆಳಗೆ ಎಪ್ಪತ್ತು ಅಡಿ. ನೀರಿಗೆ ಬಡಿದ್ರೆ ಕಾಂಕ್ರೀಟಿಗೆ ಬಡಿದ ಹಾಗೆ.

ಜನವರಿಯಲ್ಲೇ ಹೊಸ ಬ್ರೇಕಿಗೆ ಆರ್ಡರ್ ಹೋಗಿತ್ತು. ಬಜೆಟ್ ಆದ ಎರಡು ವಾರಕ್ಕೆ ರದ್ದು ಮಾಡಿದ್ರು. ಜೂನಿಗೆ ಬಾವಿ ಮುಗಿದ್ರೆ ರಿಗ್ಗನ್ನೇ ಕೊಲ್ಲಿಗೆ ಕಟ್ಟಿಹಾಕಬಹುದು, ಕಟ್ಟಿಹಾಕೋದಕ್ಕೆ ಹೊಸ ಬ್ರೇಕ್ ಯಾಕೆ ಅಂತ. ಸ್ಟೋರಿನವನು ಗುಟ್ಟಾಗಿ ಹೇಳಿದ.

ಯಾಕೆ ಹೇಳಲ್ಲ ಅಂತ ಕೇಳ್ತೀಯ. ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯಲ್ಲ, ಅಕ್ಕ. ಕಾಗದ ಕೊಡಲ್ಲ, ಬೈಯಲ್ಲ. ಹೆಸರಿನ ಮುಂದೆ "ಮತ್ತೆ ಬೇಕಿಲ್ಲ" ಅಂತ ಒಂದು ಟಿಪ್ಪಣಿ. ಎರಡು ವಾರ ಮನೆಯಲ್ಲಿದ್ದು ಮುಂದಿನ ಸರದಿಗೆ ಹೋದ್ರೆ ಹೆಲಿಕಾಪ್ಟರ್ ಪಟ್ಟಿಯಲ್ಲಿ ನಿನ್ನ ಹೆಸರಿರಲ್ಲ, ಅಷ್ಟೇ. ಇನ್ನೊಂದು ಕಂಪನಿಗೆ ಹೋದ್ರೆ ಅಲ್ಲೂ "ನೋಡೋಣ" ಅಂತಾರೆ. ಮೊದಲು ಇಂಥದ್ದಾದ್ರೆ ಹತ್ತು ರಿಗ್ ಇತ್ತು, ಎಲ್ಲೋ ಒಂದು ಕಡೆ ಯಾರೋ ಗೊತ್ತಿರೋರು ಸೇರಿಸ್ಕೋತಿದ್ರು. ಈಗ ಒಂದು ಸೀಟಿಗೆ ಐವತ್ತು ಜನ ದಡದಲ್ಲಿ ಕಾಯ್ತಿದ್ದಾರೆ. ಸುರಕ್ಷತೆ ಬಗ್ಗೆ ಹೇಳಿ ಅಂತ ಊಟದ ಕೋಣೆಯಲ್ಲಿ ಒಂದು ಡಬ್ಬಿ ಇಟ್ಟಿದ್ದಾರೆ. ಹೆಸರು ಬೇಡವಂತೆ. ನಮ್ಮೆಲ್ಲರ ಕೈಬರಹ ಮ್ಯಾನೇಜರಿಗೆ ಬಾಯಿಪಾಠ. ಡಬ್ಬಿಯಲ್ಲಿ ಚೂಯಿಂಗ್ ಗಮ್ ಕಾಗದ ಬಿಟ್ರೆ ಏನೂ ಇರಲ್ಲ.

ಡಾಡ್ ಚಿಕ್ಕಪ್ಪ ಒಬ್ಬರೇ ಮಾರ್ಚ್ ಮೀಟಿಂಗಿನಲ್ಲಿ "ಆ ಬ್ರೇಕಿನ ಕಥೆ ಏನಾಯ್ತು ಸ್ವಾಮಿ?" ಅಂದ್ರು. ಮ್ಯಾನೇಜರ್ "ಗಮನದಲ್ಲಿದೆ" ಅಂತ ಬರ್ಕೊಂಡ. ನಾವೆಲ್ಲ ನಮ್ಮ ನಮ್ಮ ಬೂಟು ನೋಡ್ತಾ ಕೂತಿದ್ವಿ.

ಹಾವೂ ಸಾಯಬೇಕು, ಕೋಲೂ ಮುರೀಬಾರದು. ನಾನು ಬರೆದಿದ್ದನ್ನ ನೀನು ಟೈಪ್ ಮಾಡಿ, ಹೆಸರಿಲ್ಲದೆ, ಸಮುದ್ರದ ಸುರಕ್ಷತೆ ನೋಡೋ ಇನ್ಸ್‌ಪೆಕ್ಟರುಗಳಿಗೆ ಲಂಡನ್ನಿಂದಲೇ ಹಾಕ್ತೀಯಾ? ಲೋರ್ನಾಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾಗಬಾರದು.

ಆರ್ಚಿ


ಲಂಡನ್
18 ಏಪ್ರಿಲ್ 1993

ಆರ್ಚಿ,

ಹಾಕಿದೆ. ಕಚೇರಿಯ ಯಂತ್ರದಲ್ಲಲ್ಲ, ಗ್ರಂಥಾಲಯದ ಬಾಡಿಗೆ ಯಂತ್ರದಲ್ಲಿ ಟೈಪ್ ಮಾಡಿದೆ. ಕೈಗವಸು ಹಾಕಿಕೊಂಡು ಅಂಚೆ ಡಬ್ಬಿಗೆ ಹಾಕಿದೆ. ನಗಬೇಡ, ಬಿಸಿಲಿತ್ತು, ಎಲ್ಲರೂ ನೋಡಿದರು.

ಒಂದು ಮಾರು ಎಂದು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ಆ ಆರ್ಡರ್ ರದ್ದಾದದ್ದು ಎಲ್ಲಿಂದ ಶುರುವಾಯಿತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಟಿಪ್ಪಣಿಯಲ್ಲಿ "ಹೂಡಿಕೆಯಲ್ಲಿ ತಾತ್ಕಾಲಿಕ ಹೊಂದಾಣಿಕೆ" ಎಂದಿತ್ತು. ಆ ಹೊಂದಾಣಿಕೆ ನಿನ್ನ ಬೋಟಿನ ಬ್ರೇಕು. ನನಗೆ ಗೊತ್ತಿರಲಿಲ್ಲ ಕಣೋ.

ಇಪ್ಪತ್ತೇಳಕ್ಕೆ ಮತ್ತೆ ಹೋಗಬೇಕಲ್ಲವೇ ನೀನು? ಜ್ವರ ಎಂದು ಹೇಳಿ ಉಳಿಯಲಾಗುವುದಿಲ್ಲವೇ?

ನೆಟ್ಟಾ


ಟಾರ್ನ್ ವೆಂಚರ್
6 ಮೇ 1993

ಅಕ್ಕ,

ಜ್ವರ ಅಂದ್ರೂ "ಮತ್ತೆ ಬೇಕಿಲ್ಲ"ವೇ. ಅದಿರಲಿ. ಬಂದ್ರು!

ಮಂಗಳವಾರ ಹೇಳದೆ ಕೇಳದೆ ಇಬ್ಬರು ಇನ್ಸ್‌ಪೆಕ್ಟರು ಹೆಲಿಕಾಪ್ಟರಿನಿಂದ ಇಳಿದ್ರು. ಒಬ್ಬಳು ಹೆಂಗಸು, ಗಟ್ಟಿಗಿತ್ತಿ. ಮ್ಯಾನೇಜರ್ ಚಹಾ ಅಂದ. "ಚಹಾ ಆಮೇಲೆ, ಎರಡನೇ ಬೋಟ್ ಎಲ್ಲಿ?" ಅಂದಳು. ಮರಳಿನ ಚೀಲ ತುಂಬಿಸಿ ಇಳಿಸಿದ್ರು. ನಾನೇ ಹಗ್ಗ ಹಿಡಿದು ನಿಂತಿದ್ದೆ. ನಿಲ್ಸಿ ಅಂದಾಗ ನಿಲ್ಲಲೇ ಇಲ್ಲ ಅಕ್ಕ. ನೇರ ಹೋಗಿ ನೀರಿಗೆ ಬಿತ್ತು, ಪಕ್ಕ ಒಡೆದು ಎರಡು ಹೋಳು. ನಾನು ಕೂರಬೇಕಾದ ಸೀಟು ತೇಲ್ತಾ ಇತ್ತು.

ಬೇರೆ ಬೋಟು, ಹೊಸ ಬ್ರೇಕು ಬರೋ ತನಕ ಕೊರೆಯೋ ಹಾಗಿಲ್ಲ ಅಂತ ಬರೆದುಕೊಟ್ಟು ಹೋದ್ರು. ನಿನ್ನೆ ಎರಡೂ ಬಂದವು. ಎರಡೇ ದಿನದಲ್ಲಿ! ನಾನು ಹೊಟ್ಟೆ ತುಂಬ ಉಂಡೆ, ಸತ್ತವನ ಹಾಗೆ ಮಲಗಿದೆ. ನಿನ್ನ ಕೈಗವಸಿಗೆ ಜಯವಾಗಲಿ.

ಒಂದೇ ಒಂದು ಕಸಿವಿಸಿ. ಅವಳು ನೇರ ಎರಡನೇ ಬೋಟು ಕೇಳಿದಳಲ್ಲ, ಆಗ ಮ್ಯಾನೇಜರ್ ತಿರುಗಿ ಡಾಡ್ ಚಿಕ್ಕಪ್ಪನ ಕ್ರೇನ್ ಕಡೆ ನೋಡಿದ. ಎಲ್ಲರೂ ನೋಡಿದ್ರು. ನಾನೂ ನೋಡಿದೆ.

ಆರ್ಚಿ


ಟಾರ್ನ್ ವೆಂಚರ್
27 ಮೇ 1993

ಅಕ್ಕ,

ಮಂಗಳವಾರ ಡಾಡ್ ಚಿಕ್ಕಪ್ಪನೂ ನಾನೂ ಎಂದಿನಂತೆ ಒಟ್ಟಿಗೇ ಹೆಲಿಕಾಪ್ಟರ್ ನಿಲ್ದಾಣಕ್ಕೆ ಹೋದ್ವಿ. ದಾರಿಯುದ್ದಕ್ಕೂ ಅವರು ಮೊಮ್ಮಗಳಿಗೆ ಈಜು ಕಲಿಸೋ ಮಾತು. ಕೌಂಟರಿನ ಹುಡುಗಿ ಪಟ್ಟಿ ಮೇಲಿಂದ ಕೆಳಕ್ಕೆ ನೋಡಿದಳು, ಕೆಳಗಿಂದ ಮೇಲಕ್ಕೆ ನೋಡಿದಳು. "ಮಿಸ್ಟರ್ ವೈಸ್‌ಮನ್, ನಿಮ್ಮ ಹೆಸರು ಕಾಣ್ತಿಲ್ಲ" ಅಂತ ಚಿಕ್ಕಪ್ಪನಿಗೆ ಅಂದಳು.

"ಸರಿಯಾಗಿ ನೋಡಮ್ಮಾ. ಹನ್ನೊಂದು ವರ್ಷದಿಂದ ಕಾಣ್ತಿತ್ತು."

ಅವಳು ಆಫೀಸಿಗೆ ಫೋನ್ ಮಾಡಿ ಇಟ್ಟಳು. ತಲೆ ಎತ್ತದೆ "ಸಾರಿ" ಅಂದಳು. ಅವರು ತಮ್ಮ ಚೀಲ ಎತ್ಕೊಂಡು ನನ್ನ ಕಡೆ ತಿರುಗಿ "ಹೋಗಯ್ಯಾ, ನಿನಗೆ ಹೊತ್ತಾಯ್ತು" ಅಂದ್ರು. ನಾನು ಹೋದೆ. ಹತ್ತಿ ಬೆಲ್ಟ್ ಕಟ್ಕೊಂಡೆ.

ರಿಗ್ಗಿಗೆ ಕಾಲಿಡ್ತಿದ್ದ ಹಾಗೇ ಮ್ಯಾನೇಜರ್ ಕರೆದ. "ನಿನ್ನ ಹತ್ರ ಕ್ರೇನ್ ಲೈಸೆನ್ಸ್ ಇದೆಯಲ್ಲ" ಅಂದ. ಈಗ ಅವರ ಸೀಟಿನಲ್ಲಿ ಕೂತಿದ್ದೀನಿ. ಬೆನ್ನಿಗೆ ಇಸೊಬೆಲ್ ಚಿಕ್ಕಮ್ಮ ಹೆಣೆದ ದಿಂಬು ಇನ್ನೂ ಅಲ್ಲೇ ಇದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಕ್ಕ, ಎತ್ತು ಸುಮ್ಮನೆ ನಿಂತು ನೋಡ್ತು.

ದಿಂಬನ್ನ ತೆಗೆದು ಪಕ್ಕಕ್ಕಿಟ್ಟೆ, ಮತ್ತೆ ಇದ್ದಲ್ಲೇ ಇಟ್ಟೆ.

ಆರ್ಚಿ


ಲಂಡನ್
1 ಜೂನ್ 1993

ಆರ್ಚಿ,

ಹೇಳು. ಊರಿಗೆ ಹೋದ ದಿನವೇ ಡಾಡ್ ಚಿಕ್ಕಪ್ಪನ ಮನೆಗೆ ಹೋಗಿ ಹೇಳು. ನಾವಿಬ್ಬರೂ ಸೇರಿ ಮಾಡಿದ್ದು ಅದು, ನನ್ನ ಹೆಸರನ್ನೂ ಹೇಳು. ವಕೀಲರನ್ನು ನೋಡಬಹುದು. ಕೆಲಸದಿಂದ ಹಾಗೆ ತೆಗೆಯಲು ಕಾನೂನಿನಲ್ಲಿ ಬರುವುದಿಲ್ಲ.

ನೆಟ್ಟಾ


ಗ್ಯಾಮ್ರಿ
11 ಜೂನ್ 1993

ಅಕ್ಕ,

ತೆಗೆದೇ ಇಲ್ಲವಲ್ಲ, ಕಾನೂನು ಏನು ಮಾಡುತ್ತೆ? ಕರೆದಿಲ್ಲ, ಅಷ್ಟೇ. ಯಾವ ವಕೀಲ ಬಂದು "ಯಾಕೆ ಕರೀಲಿಲ್ಲ" ಅಂತ ಕೇಳ್ತಾನೆ?

ಹೋಗಿದ್ದೆ. ನಿನ್ನೆ ಮಧ್ಯಾಹ್ನ. ಹೇಳಬೇಕು ಅಂತಲೇ ಹೋದೆ, ಇಳಿಜಾರಿನುದ್ದಕ್ಕೂ ಬಾಯಲ್ಲಿ ಹೇಳ್ಕೊಂಡು ಹೋದೆ. ಚಿಕ್ಕಪ್ಪ ಅಂಗಳದಲ್ಲಿ ಏಡಿ ಬಲೆ ಹೊಲೀತಿದ್ರು. ಇಸೊಬೆಲ್ ಚಿಕ್ಕಮ್ಮ ನನ್ನ ಕೈ ಹಿಡ್ಕೊಂಡು, "ನಲವತ್ತು ಜನ ಗೆಳೆಯರು ಅಂತಿದ್ರು. ಈ ಬಾಗಿಲು ತುಳಿದವನು ನೀನೊಬ್ಬನೇ ಕಣಪ್ಪಾ" ಅಂದ್ರು. ಒಣಮೀನಿನ ಸಾರು ಬಡಿಸಿದ್ರು. ಎರಡು ಬಟ್ಟಲು ಕುಡಿದೆ. ಬಾಯಿ ಖಾಲಿ ಇದ್ರೆ ಮಾತಾಡಬೇಕಾಗುತ್ತಲ್ಲ.

ಚಿಕ್ಕಮ್ಮ ಗಂಡನ ಜೊತೆ ನೇರ ಮಾತಾಡ್ತಿಲ್ಲ. "ಅವರಿಗೆ ಉಪ್ಪು ಬೇಕಾ ಕೇಳು" ಅಂತ ನನ್ನ ಮೂಲಕ ಕೇಳಿದ್ರು. ಯಾಕೆ ಅಂತ ನಾನು ಕೇಳಲಿಲ್ಲ.

ಹೇಳಲಿಲ್ಲ ಅಕ್ಕ. ಬಾವಿ ಇನ್ನೂ ಮುಗಿದಿಲ್ಲ, ಕೆಲಸ ಸೆಪ್ಟೆಂಬರ್‌ವರೆಗೆ ಅಂತೆ. ಕ್ರೇನ್ ಸೀಟನ್ನ ನನಗೇ ಕಾಯಂ ಮಾಡಿದ್ರು, ಇವತ್ತು ಬೆಳಿಗ್ಗೆ ಫೋನ್ ಬಂತು. ಲೋರ್ನಾ ಪಕ್ಕದಲ್ಲೇ ನಿಂತಿದ್ದಳು, ಎಂಟು ತಿಂಗಳ ಹೊಟ್ಟೆ ಹೊತ್ಕೊಂಡು. ನಾನು ಹೂಂ ಅಂದೆ.

ಮಾರ್ಚಿನಲ್ಲಿ ನಿನ್ನನ್ನ ಎಷ್ಟು ಬೈಕೊಂಡೆ. ನಿನ್ನ ಕೈಲಾದ್ರೂ ಬಾಯಿ ಬಿಡಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು. ನನ್ನ ಕೈಲಿ ಯಾರೂ ಹಾಕಿಸಿಕೊಂಡಿಲ್ಲ. ಇಪ್ಪತ್ತೆರಡಕ್ಕೆ ಹೊರಡ್ತೀನಿ. ಇದನ್ನ ಇಲ್ಲಿಗೇ ಬಿಟ್ಟುಬಿಡೋಣ, ದಯವಿಟ್ಟು.

ಆರ್ಚಿ


ಲಂಡನ್
14 ಜೂನ್ 1993

ಆರ್ಚಿ,

ಬಿಡುವುದಿಲ್ಲ.

ಜನವರಿಯಿಂದ ಮಾರ್ಚ್‌ವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ನಾನು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಕಾಫಿ ಕುಡಿಯುತ್ತೇವೆ, ಬಸ್ಸು ಹತ್ತುತ್ತೇವೆ. ಒಳಗೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ನನ್ನ ಕಚೇರಿಯಲ್ಲಿ ಈ ವಿಷಯ ತಿಳಿದರೆ ನನಗೂ ಬಾಗಿಲು ತೋರಿಸಬಹುದು. ಸರ್ಕಾರಿ ನೌಕರಳು ಗುಟ್ಟಾಗಿ ದೂರು ಬರೆಯಬಾರದು. ಹೆದರಿಕೆ ನಿನ್ನೊಬ್ಬನಿಗೇ ಅಲ್ಲ ಎಂದು ತಿಳಿದಿರಲಿ.

ಡಾಡ್ ಚಿಕ್ಕಪ್ಪನಿಗೆ ಒಂದು ಪತ್ರ ಬರೆದಿದ್ದೇನೆ. ಟೈಪ್ ಮಾಡಿದ್ದು ನಾನು, ಹೇಳಿದ್ದು ನೀನು ಎಂದು ಎರಡೂ ಹೆಸರು ಬರೆದು ಕೈಯಿಂದಲೇ ಸಹಿ ಹಾಕಿದ್ದೇನೆ. ಲಕೋಟೆ ಈಗ ನನ್ನ ಮುಂದೆ ಇದೆ. ನಿನ್ನ ಈ ಪತ್ರ ಇವತ್ತು ಹಾಕುತ್ತೇನೆ. ಅವರದನ್ನು ಗುರುವಾರ. ಶನಿವಾರ ಬೆಳಿಗ್ಗೆ ಅದು ಅವರ ಕೈಗೆ ಸಿಗುತ್ತದೆ.

ಅಂಚೆಯವನಿಗಿಂತ ಮೊದಲು ನೀನು ಹೋಗು. ನಿನ್ನ ಮೇಲೆ ಕೋಪವಿಲ್ಲ. ಅವರು ನಿನ್ನ ಬಾಯಿಂದ ಕೇಳಲಿ, ನನ್ನ ಕಾಗದದಿಂದ ಬೇಡ.

ನಿನ್ನ ಅಕ್ಕ,
ನೆಟ್ಟಾ


ಗ್ಯಾಮ್ರಿ
23 ಜೂನ್ 1993

ಅಕ್ಕ,

ಹೋದ ಬುಧವಾರ ನಿನ್ನ ಕಾಗದ ಬಂತು. ಬುಧವಾರ ನಿನ್ನನ್ನ ಶಪಿಸಿದೆ. ಗುರುವಾರ ನಿನಗೆ ಫೋನ್ ಮಾಡಿ ಹಾಕಬೇಡ ಅಂತ ಕಾಲಿಗೆ ಬೀಳೋಣ ಅಂದ್ಕೊಂಡೆ. ಶುಕ್ರವಾರ ಸಂಜೆ ಲೋರ್ನಾಗೆ ಎಲ್ಲಾ ಹೇಳಿದೆ. ಅವಳು ಅಳಲಿಲ್ಲ. "ಕೋಟು ಹಾಕ್ಕೋ, ಗಾಳಿ ಇದೆ" ಅಂದಳು.

ಚಿಕ್ಕಪ್ಪ ಅಡುಗೆಮನೆಯಲ್ಲಿ ಒಬ್ಬರೇ ಪತ್ರಿಕೆ ಹಿಡ್ಕೊಂಡು ಕೂತಿದ್ರು. ನಾನು ನಿಂತ್ಕೊಂಡೇ ಹೇಳಿದೆ. "ಇನ್ಸ್‌ಪೆಕ್ಟರಿಗೆ ಹೇಳಿದ್ದು ನಾನು. ನೆಟ್ಟಾ ಕೈಲಿ ಟೈಪ್ ಮಾಡಿಸ್ದೆ. ನಿಮ್ಮ ಹೆಸರು ಬಂತು, ನಾನು ಸುಮ್ನಿದ್ದೆ." ಅಷ್ಟೇ ಇದ್ದಿದ್ದು. ಆರು ವಾರ ಹೊತ್ತು ತಿರುಗಿದ್ದು, ಹೇಳೋಕೆ ಅರ್ಧ ನಿಮಿಷ ಹಿಡೀಲಿಲ್ಲ.

ಅವರು ಪತ್ರಿಕೆ ಮಡಚಿ ಪಕ್ಕಕ್ಕಿಟ್ರು. ಹೊಡೀತಾರೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿತ್ತು.

"ನಾಲ್ಕು ವಾರ ಕಣೋ" ಅಂದ್ರು. "ನಾಲ್ಕು ವಾರದಿಂದ ಇದೇ ಕುರ್ಚಿಯಲ್ಲಿ ಕೂತು, ಯಾರ ಹತ್ರ ಏನು ಬಾಯಿಬಿಟ್ನೋ ಅಂತ ತಲೆ ಕೆರ್ಕೋತಿದ್ದೀನಿ. ಅರವತ್ತು ಹತ್ರ ಬಂತು, ಹೇಳಿದ್ದು ಮರೆತುಹೋಗೋ ಕಾಯಿಲೆ ಏನಾದ್ರೂ ಶುರುವಾಯ್ತಾ ಅಂತ ಡಾಕ್ಟರ ಹತ್ರಾನೂ ಹೋಗಿದ್ದೆ. ಅವಳೋ, ನಿನ್ನ ನಾಲಿಗೆ ನಮ್ಮ ಮನೆ ತೊಳೀತು ಅಂತ ಅವತ್ತಿಂದ ಮಾತು ಬಿಟ್ಟಿದ್ದಾಳೆ. ನಾನು ಹೇಳಿಲ್ಲ ಕಣೇ ಅಂದ್ರೆ ನಂಬಲ್ಲ. ಕೊನೆಕೊನೆಗೆ ನನಗೇ ನಂಬಿಕೆ ಹೋಗಿತ್ತು."

ಆಮೇಲೆ ಗಟ್ಟಿಯಾಗಿ ಕೂಗಿದ್ರು. "ಇಸೊಬೆಲ್! ಇಲ್ಲಿ ಬಾ."

ಚಿಕ್ಕಮ್ಮ ಬಟ್ಟೆ ಮಡಚ್ತಿದ್ದವರು ಹಾಗೇ ಬಂದ್ರು. "ಓ ಆರ್ಚಿ, ಬಾಪ್ಪ, ಸಾರು ಇದೆ" ಅಂದ್ರು.

"ಸಾರು ಇರ್ಲಿ" ಅಂದ್ರು ಚಿಕ್ಕಪ್ಪ. "ಇನ್ನೊಂದ್ಸಲ ಹೇಳೋ. ಅವಳ ಮುಂದೆ ಹೇಳು."

ಅಕ್ಕ, ಮೊದಲನೇ ಸಲ ಹೇಗೋ ಬಂದುಬಿಟ್ಟಿತ್ತು. ಎರಡನೇ ಸಲ ಬಾಯಿ ಬರಲೇ ಇಲ್ಲ. ಚಿಕ್ಕಮ್ಮ ಕೈಯಲ್ಲಿ ಅಂಗಿ ಹಿಡ್ಕೊಂಡು ನಗ್ತಾ ನಿಂತಿದ್ರು, ಮಗುವಿನ ಸುದ್ದಿ ಏನೋ ಅಂತ. ಹೇಳಿದೆ. ಅವರ ಮುಖದ ನಗು ಹೋಗೋದನ್ನ ಪೂರ್ತಿ ನೋಡಬೇಕಾಯ್ತು. ಗಂಡನ ಪಕ್ಕದ ಕುರ್ಚಿ ಎಳ್ಕೊಂಡು ಕೂತ್ರು, ಅವರ ತೋಳು ಹಿಡ್ಕೊಂಡ್ರು. ಇಬ್ಬರೂ ಅಳ್ತಿದ್ರು. ನಾನು ಅಲ್ಲಿರಬಾರದಿತ್ತು, ಆದ್ರೆ ಹೋಗು ಅಂತ ಯಾರೂ ಹೇಳಲಿಲ್ಲ.

ಸೋಮವಾರ ಕಂಪನಿ ಆಫೀಸಿಗೆ ನಾನೇ ಹೋಗಿ ಮೂರನೇ ಸಲ ಹೇಳಿದೆ. ಟೈ ಕಟ್ಟಿದ ಒಬ್ಬರು ಕೂರಿಸಿ ಪೂರ್ತಿ ಕೇಳಿದ್ರು. "ಹೇಳಿದ್ದಕ್ಕೆ ಧನ್ಯವಾದ, ನಾವು ಇಂಥವರನ್ನ ಗೌರವಿಸ್ತೀವಿ" ಅಂದ್ರು, ಬಾಗಿಲವರೆಗೂ ಬಂದು ಕೈ ಕುಲುಕಿದ್ರು. ನಿನ್ನೆ ನಿಲ್ದಾಣಕ್ಕೆ ಹೋದೆ. ಅದೇ ಹುಡುಗಿ. ಮೇಲಿಂದ ಕೆಳಕ್ಕೆ ನೋಡಿದಳು, ಕೆಳಗಿಂದ ಮೇಲಕ್ಕೆ ನೋಡಲಿಲ್ಲ. ಡಾಡ್ ಚಿಕ್ಕಪ್ಪನ ಹೆಸರು ಇದೆಯಾ ನೋಡಮ್ಮಾ ಅಂದೆ. ಅದೂ ಇರಲಿಲ್ಲ.

ಮುಂದಿನ ತಿಂಗಳು ಮಗು ಬರುತ್ತೆ, ಕೈಯಲ್ಲಿ ಕೆಲಸ ಇಲ್ಲ, ನನಗೆ ತುಂಬ ಹೆದರಿಕೆ ಆಗ್ತಿದೆ. ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬಂದು ಬಾಗಿಲು ತಟ್ಟಿದ್ರು. ಒಳಗೆ ಬರಲಿಲ್ಲ, ಮುಖ ನೋಡಲಿಲ್ಲ. "ಏಡಿ ಬಲೆ ಎಳೆಯೋಕೆ ಎರಡು ಕೈ ಸಾಲ್ತಿಲ್ಲ. ನಾಳೆ ಐದಕ್ಕೆ ಬಂದರದ ಹತ್ರ ಇರು" ಅಂದು ಹೋದ್ರು. ಕ್ಷಮಿಸಿದ್ದಾರೆ ಅಂತ ಅನ್ಕೋಬೇಡ, ನಾನೂ ಅನ್ಕೊಂಡಿಲ್ಲ. ಬೇಗ ಮಲಗಬೇಕು.

ಆರ್ಚಿ